ಜನರಲ್ ವಿ.ಕೆ. ಸಿಂಗ್: ಫಾರ್ವರ್ಡ್ ಮಾಡುವ ಮುನ್ನ ಓದಿ

ಗುಂಪಿನ ಸದಸ್ಯರಿಗೆ ನಮಸ್ಕಾರ.

ನಿನ್ನೆಯಿಂದ ಇಲ್ಲಿ ಓಡಾಡುತ್ತಿರುವ ಸಂದೇಶದಲ್ಲಿ ಜನರಲ್ ವಿ.ಕೆ. ಸಿಂಗ್ ಅವರನ್ನು 'ಮಾಜಿ ರಕ್ಷಣಾ ಸಚಿವ' ಎಂದು ಬರೆಯಲಾಗಿದೆ. ತಪ್ಪು. ಅವರು ಆ ಖಾತೆಯನ್ನು ಎಂದೂ ನೋಡಿಕೊಂಡವರಲ್ಲ. ವಿದೇಶಾಂಗ, ಹೆದ್ದಾರಿ, ವಿಮಾನಯಾನ ಮುಂತಾದ ಖಾತೆಗಳಲ್ಲಿ ಕೇಂದ್ರದ ರಾಜ್ಯ ಸಚಿವರಾಗಿದ್ದವರು (ಸಂಪುಟ ಸಚಿವರಿಗಿಂತ ಕೆಳಗಿನ ದರ್ಜೆ). ಸಂಪುಟ ದರ್ಜೆ ಕೊನೆಗೂ ಸಿಗಲಿಲ್ಲ.

2012ರ ಮೇನಲ್ಲಿ ಭೂಸೇನೆಯ ಮುಖ್ಯಸ್ಥ ಹುದ್ದೆಯಿಂದ ನಿವೃತ್ತರಾದರು. ಹುಟ್ಟಿದ್ದು 1950ರಲ್ಲೋ 1951ರಲ್ಲೋ ಎಂಬ (ನಿವೃತ್ತಿಯ ದಿನ ಇದರ ಮೇಲೆ ನಿಂತಿತ್ತು) ಜಗಳವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದು, ಅರ್ಜಿ ಹಿಂಪಡೆದದ್ದೂ ಅದೇ ವರ್ಷ. 2014ರಲ್ಲಿ ಬಿಜೆಪಿ ಸೇರಿ, ಗಾಜಿಯಾಬಾದಿನಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ನನ್ನ ಮಟ್ಟಿಗೆ ಅವರ ಒಳ್ಳೆಯ ಕೆಲಸವೆಂದರೆ ಯುದ್ಧ ನಡೆಯುತ್ತಿದ್ದ ಯೆಮೆನ್‌ನಿಂದ ಭಾರತೀಯರನ್ನು ಕರೆತಂದ 2015ರ ಕಾರ್ಯಾಚರಣೆ. ಆಫ್ರಿಕಾದ ಜಿಬೂಟಿಯಲ್ಲಿ ಬೀಡುಬಿಟ್ಟು ಉಸ್ತುವಾರಿ ನೋಡಿಕೊಂಡರು. 4,600ಕ್ಕೂ ಹೆಚ್ಚು ಭಾರತೀಯರು ಪಾರಾದರು. ಫೈಲು ನೋಡುವ ಸಚಿವರಿಗಿಂತ ಅಲ್ಲಿ ಬೇಕಾಗಿದ್ದದ್ದು ಹಳೆಯ ಸೈನಿಕನೇ.

2019ರಲ್ಲಿ ಮತ್ತೆ ಗೆದ್ದರು, 2024ರಲ್ಲಿ ಸ್ಪರ್ಧಿಸಲಿಲ್ಲ. 2025ರ ಜನವರಿಯಲ್ಲಿ ಮಿಜೋರಾಂ ರಾಜ್ಯಪಾಲರಾದರು.

ಕೊಡಗಿನವರು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ನಮ್ಮ ಕಾರಿಯಪ್ಪನವರೂ 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತಿದ್ದರು, ಸೋತರು.

ಹಳೆಯ ಸಂದೇಶವನ್ನು ದಯವಿಟ್ಟು ಅಳಿಸಿಬಿಡಿ.