ಬೆಳೆದವರಿಗೆ ಸಂತೆಯಲ್ಲಿ ಜಾಗ ಕೊಡಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಕೋಲಾರ ಸೀಮೆಯ ರೈತ ಮಹಿಳೆ. ಒಂದೂವರೆ ಎಕರೆ ಜಮೀನು, ಒಂದು ಬೋರ್‌ವೆಲ್. ಸೊಪ್ಪು, ಮೂಲಂಗಿ, ಚಳಿಗಾಲದಲ್ಲಿ ಅವರೆಕಾಯಿ ಬೆಳೆದು ವಾರದ ಸಂತೆಯಲ್ಲಿ ನಾನೇ ಕೂತು ಮಾರುತ್ತೇನೆ. ಕೇಳುವುದು ಒಂದೇ. ಬೆಳೆದವರು ಮಾರಿಕೊಳ್ಳಲು ಸಂತೆಯಲ್ಲಿ ಒಂದು ಕಾಯಂ ಜಾಗ ಕೊಡಿ. ಅರ್ಜಿ ಕೊಟ್ಟಾಯಿತು, ನಿಮ್ಮ ಕಾರು ನಿಲ್ಲಿಸಿ ಹೇಳಿದ್ದೂ ಆಯಿತು. ‘ನೋಡೋಣಮ್ಮ’ ಅಂದಿರಿ. ಇನ್ನೂ ನೋಡ್ತಾನೇ ಇದ್ದೀರಿ.

ಸೊಪ್ಪಿನ ಪಾಡು ನಿಮಗೆ ಗೊತ್ತಿರಬೇಕು. ರೈತನ ಮಗ ಅಂತ ಹೇಳಿಯೇ ಅಲ್ವಾ ವೋಟು ಕೇಳಿದ್ದು. ಬಿಸಿಲು ಇಳಿದ ಮೇಲೆ ಕಿತ್ತು, ಬೇರಿನ ಮಣ್ಣು ತೊಳೆದು, ಕಟ್ಟು ಕಟ್ಟಿ, ಒದ್ದೆ ಗೋಣಿಚೀಲ ಹೊದಿಸಿಡಬೇಕು. ಬೆಳಿಗ್ಗೆ ಮೊದಲ ಬಸ್ಸಿಗೆ ಹೇರಬೇಕು. ಕಂಡಕ್ಟರ್ ಮೂಟೆಗೂ ಟಿಕೆಟ್ ಹರಿಯುತ್ತಾನೆ. ಮಧ್ಯಾಹ್ನ ದಾಟಿದರೆ ದಂಟು ಬಾಡುತ್ತದೆ. ಆಮೇಲೆ ಕೇಳಿದ ರೇಟಿಗೆ ಕೊಟ್ಟು ಬರೋದು.

ನಮ್ಮ ಕಡೆಯ ಟೊಮೆಟೊ ಮಂಡಿಯಿಂದ ಲಾರಿ ಹತ್ತಿ ಹೊರ ರಾಜ್ಯಕ್ಕೆ ಹೋಗುತ್ತದೆ. ಪಟ್ಟಣದವರ ಮಸ್ಸೊಪ್ಪಿಗೆ ಬೇಕಾದ ಬೆರಕೆ ಸೊಪ್ಪು ಮಾತ್ರ ಯಾವ ಲಾರಿಯಲ್ಲೂ ಬರುವುದಿಲ್ಲ. ಸುತ್ತಲಿನ ಹಳ್ಳಿಗಳ ತುಂಡು ಹೊಲಗಳಿಂದ, ತಲೆ ಮೇಲೆ ಬರುತ್ತದೆ. 2015-16ರ ಕೃಷಿ ಗಣತಿ ನೋಡಿ, ದೇಶದ ಶೇ 86ರಷ್ಟು ಹಿಡುವಳಿಗಳು 2 ಹೆಕ್ಟೇರಿನ ಒಳಗಿನವು. ಇಷ್ಟು ಜನರಿಗೆ ಸಂತೆಯಲ್ಲಿ ಸಿಗುವುದು ಚರಂಡಿ ಪಕ್ಕ. ಕಟ್ಟೆ ಮೇಲೆಲ್ಲ ಮಂಡಿಯಿಂದ ತಂದು ಮಾರುವವರು. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರದೂ ಹೊಟ್ಟೆಪಾಡು. ಸಿಟ್ಟಿರುವುದು ಸಂತೆ ಸುಂಕ ಎತ್ತುವುದನ್ನು ಹರಾಜಿನಲ್ಲಿ ಹಿಡಿದಿರುವ ಸುಂಕದವನ ಮೇಲೆ. ರಸೀದಿಯಲ್ಲಿ 10 ರೂಪಾಯಿ, ವಸೂಲಿ 30. ಕೇಳಿದರೆ ‘ಹರಾಜಲ್ಲಿ ಜಾಸ್ತಿ ಕೂಗಿದ್ದೀನಿ ಕಣಮ್ಮ’ ಅಂತಾನೆ. ಅವನು ಕೂಗಿದ್ದಕ್ಕೆ ನಾನ್ಯಾಕೆ ಕಟ್ಟಬೇಕು?

ಇದನ್ನೆಲ್ಲ ನುಂಗಿಕೊಂಡೇ ಇದ್ದೆವು. ಮೊನ್ನೆ ಮಂತ್ರಿಗಳು ಬಂದ ದಿನ ಆದದ್ದನ್ನು ನುಂಗಲಾಗುತ್ತಿಲ್ಲ. ರಸ್ತೆ ಚೆನ್ನಾಗಿ ಕಾಣಬೇಕು ಅಂತ ಸಂತೆ ನೋಡಿಕೊಳ್ಳುವ ಕಚೇರಿಯವರು ಟ್ರ್ಯಾಕ್ಟರ್ ತಂದು ನಮ್ಮ ಬುಟ್ಟಿಗಳನ್ನು ಅದರೊಳಗೆ ಎತ್ತಿ ಎಸೆದರು. ನನ್ನ ತಕ್ಕಡಿಯೂ ಹೋಯಿತು. ಪಕ್ಕದಲ್ಲಿದ್ದ ಅಜ್ಜಿ ಕೊತ್ತಂಬರಿ ಮೂಟೆ ಬಿಡಲಿಲ್ಲ, ಮೂಟೆ ಜೊತೆ ಅವರನ್ನೂ ಎಳೆದರು. ಮೊಣಕೈ ತರಚಿ ರಕ್ತ. ಕಚೇರಿಗೆ ಹೋದರೆ ಸಾಹೇಬರು ಮಂತ್ರಿಗಳ ಊಟದ ವ್ಯವಸ್ಥೆಯಲ್ಲಿದ್ದರಂತೆ. ಸಂಜೆ ಟ್ರ್ಯಾಕ್ಟರಿನ ಟಾರ್ಪಾಲು ಸರಿಸಿದಾಗ ಸೊಪ್ಪು ಬೆಂದು ನೀರು ಬಿಟ್ಟಿತ್ತು. ಅದಕ್ಕೂ ದಂಡ ಕಟ್ಟಿ ಅಂದರು. ಮಂತ್ರಿಗಳ ಊಟಕ್ಕೆ ಸೊಪ್ಪಿನ ಸಾರು ಇತ್ತಂತೆ, ಇರಲಿ ಬಿಡಿ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬೇಗ ಕೆಡುವ ಮಾಲು ವಶಕ್ಕೆ ತೆಗೆದುಕೊಂಡರೆ ಕೇಳಿದ ದಿನವೇ ವಾಪಸ್ ಕೊಡಬೇಕು ಅಂತ ಅದರಲ್ಲೇ ಇದೆ. ಅದನ್ನು ಹೇಳಿದರೆ ‘ನೀವು ರೈತರು, ವ್ಯಾಪಾರಿಗಳಲ್ಲ’ ಅಂದರು. ಹಾಗಾದರೆ ಸುಂಕ ಯಾಕೆ ಅಂದರೆ ‘ವ್ಯಾಪಾರ ಮಾಡ್ತೀರಲ್ಲಾ’ ಅಂದರು. ರೈತರ ಸವಲತ್ತು ಕೇಳಲು ಹೋದರೆ ಪಹಣಿ ನಿಮ್ಮ ಹೆಸರಲ್ಲಿಲ್ಲ ಅಂತಾರೆ. ಪಹಣಿ ಮಾವನವರ ಹೆಸರಲ್ಲಿದೆ. ನಾನು ಯಾರು ಅಂತ ನೀವೇ ಒಂದು ತೀರ್ಮಾನ ಮಾಡಿ ತಿಳಿಸಿ.

ಆಂಧ್ರದಲ್ಲಿ 1999ರಲ್ಲೇ ರೈತು ಬಜಾರ್ ಮಾಡಿದರು. ಅದೇ ವರ್ಷ ತಮಿಳುನಾಡಿನಲ್ಲಿ ಉಳವರ್ ಸಂದೈ, ಅಂದರೆ ರೈತರ ಸಂತೆ, ಶುರುವಾಯಿತು. ಹೊಸೂರಿಗೆ ಒಮ್ಮೆ ಹೋಗಿ ನೋಡಿ. ಬೆಳೆದವರಿಗೆ ಗುರುತಿನ ಚೀಟಿ, ಕೂರಲು ಜಾಗ, ತೂಕದ ಯಂತ್ರ, ನಡುವೆ ದಲ್ಲಾಳಿ ಇಲ್ಲ. ಗಡಿ ದಾಟಿದರೆ ಆಗುವುದು ಇಲ್ಲಿ ಯಾಕಾಗಲ್ಲ ಸ್ವಾಮಿ? ರೈತರ ದಿನಕ್ಕೆ ಹಸಿರು ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುತ್ತೀರಿ. ಶಾಲು ಬೇಡ. ಆ ದುಡ್ಡಿಗೆ ನಾಲ್ಕು ತಗಡಿನ ಶೀಟು ಹಾಕಿಸಿ.

ಬೆಳೆದವರಿಗೆ ಸಂತೆಯಲ್ಲಿ ನೆರಳಿರುವ ಕಾಯಂ ಜಾಗ ಕೊಡಿ. ಸುಂಕ ಎಷ್ಟು ಅಂತ ಎಲ್ಲರಿಗೂ ಕಾಣುವ ಹಾಗೆ ಬೋರ್ಡ್ ಬರೆಸಿ. ಹೆಂಗಸರಿಗೆ ಪಹಣಿ ಕೇಳದೆ ರೈತರ ಗುರುತಿನ ಚೀಟಿ ಕೊಡಿಸಿ. ಮುಂದಿನ ವರ್ಷದ ಸುಂಕದ ಹರಾಜಿಗೆ ಮೊದಲೇ ಜಾಗ ಗುರುತು ಮಾಡಿ, ಹರಾಜು ಆದಮೇಲೆ ‘ಕೈಮೀರಿತು’ ಅನ್ನಬೇಡಿ. ಜಾಗ ಕೊಡಿ. ನನ್ನ ತಕ್ಕಡಿ ಇನ್ನೂ ಕಚೇರಿಯ ಸ್ಟೋರ್ ರೂಮಿನಲ್ಲೇ ಇದೆ, ಅದನ್ನೂ ಕೊಡಿಸಿ.

ಇತಿ,
ಸಂತೆಯಲ್ಲಿ ಸೊಪ್ಪು ಮಾರುವವಳು