ಖಜಾಂಚಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಖಜಾಂಚಿಗಳೇ,

ಗಾಬರಿ ಬೇಡ, ನಮ್ಮ ಹಳೆಯ ಸಂಘದ ಲೆಕ್ಕ ಕೇಳುವುದಕ್ಕೆ ಬರೆಯುತ್ತಿಲ್ಲ. ಪೆಟ್ರೋಮ್ಯಾಕ್ಸಿನ ವಿಷಯವನ್ನು ಊರಿನವರೂ ಓದುವ ಈ ಜಾಗದಲ್ಲಿ ಎತ್ತುವುದಿಲ್ಲ.

ನಮ್ಮ ಉತ್ತರ ಕನ್ನಡದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಏನಾಯಿತು ಎಂದು ಹುಬ್ಬಳ್ಳಿಯಲ್ಲಿ ಕುಳಿತು ಕೇಳಿದ್ದೀಯ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ ಆ ಆಸ್ಪತ್ರೆ ಬೇಕೆಂದು ಜಿಲ್ಲೆಗೆ ಜಿಲ್ಲೆಯೇ ಕೂಗಿತು. ನಾನೂ ಬ್ಯಾನರ್ ಹಿಡಿದು ನಿಂತಿದ್ದೆ. ಹೊಟ್ಟೆ ಒಳಗೆಳೆದುಕೊಂಡ ಆ ಫೋಟೋವನ್ನು ನೀನು ಇನ್ನೂ ಅಳಿಸಿಲ್ಲ ಎಂದು ಗೊತ್ತು. ಹನ್ನೆರಡು ತಾಲ್ಲೂಕು, ವೈದ್ಯಕೀಯ ಕಾಲೇಜು ಗೋವಾದ ಗಡಿಗೆ ಹತ್ತಿರದ ಕಾರವಾರದಲ್ಲಿ, ಉಳಿದವರಿಗೆ ಮಣಿಪಾಲ, ಮಂಗಳೂರು ಇಲ್ಲವೇ ನಿನ್ನ ಹುಬ್ಬಳ್ಳಿ. ಇದೆಲ್ಲ ನಿನಗೆ ಬಾಯಿಪಾಠ.

ದೊಡ್ಡದಕ್ಕಾಗಿ ಕೂಗುತ್ತಿದ್ದಾಗ ಕೈಯಲ್ಲಿದ್ದ ಸಣ್ಣದು ಜಾರಿಹೋಯಿತು. ನಮ್ಮ ಊರಿನ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ವರ್ಗವಾಯಿತು. ಈಗ ಇರುವವರು ನಿಯೋಜನೆಯ ಮೇಲೆ ವಾರಕ್ಕೆ ಎರಡು ದಿನ, ಅದೂ ಮಧ್ಯಾಹ್ನದ ತನಕ ಬರುತ್ತಾರೆ. ವಾರ್ಡಿಗೆ ಬೀಗ ಬೀಳಲಿಲ್ಲ, ಪೇಪರಿನಲ್ಲಿ ಸುದ್ದಿಯಾಗಲಿಲ್ಲ. ಬೋರ್ಡಿನ ‘24 ಗಂಟೆ’ಯ ಮೇಲೆ ಬಿಳಿ ಕಾಗದ ಅಂಟಿಸಿದರು. ಮಳೆಯ ತೇವಕ್ಕೆ ಅದರ ಮೂಲೆ ಎದ್ದು, ಕೆಳಗಿನ 4 ಇಣುಕುತ್ತಿದೆ. ಒಬ್ಬರೇ ವೈದ್ಯರಿಂದ ಹಗಲು ರಾತ್ರಿ ನಡೆಯುವ ಕೆಲಸವೂ ಅದಲ್ಲ. ಹಿಂದಿನವರು ಕ್ವಾರ್ಟರ್ಸಿನಲ್ಲೇ ಇದ್ದು, ಯಾವ ಹೊತ್ತಿನಲ್ಲಿ ಕರೆದರೂ ಬರುತ್ತಿದ್ದರು. ಅವರ ಸೌಜನ್ಯವನ್ನೇ ನಾವು ವ್ಯವಸ್ಥೆ ಎಂದುಕೊಂಡಿದ್ದೆವು.

ಈಚೆಗೆ ಒಂದು ರಾತ್ರಿ ಪಕ್ಕದ ಮನೆಯ ಮಗುವಿಗೆ ಜ್ವರ ಏರಿ ಫಿಟ್ಸ್ ಬಂತು. ಕಾರು ತೆಗೆದವನು ನಾನು. ರಾತ್ರಿ ಪಾಳಿಯ ಹುಡುಗ ಡಾಕ್ಟರ್ ಮೊದಲು ಕೇಳಿದ್ದು ‘ತೂಕ ಎಷ್ಟು?’ ಮಕ್ಕಳಿಗೆ ಔಷಧಿ ತೂಕದ ಲೆಕ್ಕದಲ್ಲಿಯೇ ತಾನೆ. ‘ಅಂಗನವಾಡಿಯಲ್ಲಿ ತೂಗಿದಾಗ ಹತ್ತೂವರೆ ಇತ್ತು’ ಎಂದರು ಅಜ್ಜಿ. ನರ್ಸ್ ಆ ಪುಟ್ಟ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ಮೊಬೈಲ್ ಬೆಳಕಿನಲ್ಲಿ ನರ ಹುಡುಕಿದರು. ಸಿಗಲಿಲ್ಲ. ಕೈಯಲ್ಲಿ ನೋಡಿದರು, ಮತ್ತೆ ಪಾದಕ್ಕೆ ಬಂದರು. ಹುಡುಗ ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಯಾರೋ ಹಿರಿಯರನ್ನು ಕೇಳುತ್ತಾ ಸಿರಿಂಜಿಗೆ ಔಷಧಿ ಎಳೆದ. ಫಿಟ್ಸ್ ನಿಂತಿತು. ಅವರಿಬ್ಬರ ಮೇಲೆ ಒಂದು ಮಾತೂ ಆಡಲಾರೆ. ಆಮೇಲೆ ಮಣಿಪಾಲಕ್ಕೆ ಚೀಟಿ ಬರೆದುಕೊಟ್ಟ.

ಮಗು ಈಗ ನಮ್ಮ ಅಂಗಳದಲ್ಲಿ ಕೋಳಿ ಅಟ್ಟುತ್ತಿದೆ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಜ್ವರದಲ್ಲಿ ಹೀಗೆ ಫಿಟ್ಸ್ ಬರುವುದುಂಟು, ಹೆಚ್ಚಿನವು ಐದು ನಿಮಿಷದೊಳಗೆ ತಾವಾಗಿಯೇ ನಿಲ್ಲುತ್ತವೆ. ಆದರೆ ಇದು ಬರೀ ಜ್ವರದ್ದು, ಮಿದುಳು ಜ್ವರವಲ್ಲ ಎಂದು ನೋಡಿ ಹೇಳಬಲ್ಲ ಒಬ್ಬರು ಇಲ್ಲಿರಲಿಲ್ಲ. ಅಷ್ಟು ಮಾತು ಕೇಳುವುದಕ್ಕೆ ಮಳೆಯಲ್ಲಿ ಎರಡು ತಾಸಿನ ಹೆದ್ದಾರಿ.

ಮುಂದಿನದನ್ನು ಬರೆಯುವ ಯೋಚನೆ ಇರಲಿಲ್ಲ. ಮಗಳು ಚೌತಿಗೆ ಮೊಮ್ಮಗನನ್ನು ಕರೆದುಕೊಂಡು ಬರುತ್ತೇನೆ ಎಂದಳು. ನಾನು ಬೇಡ ಎಂದೆ. ಹೆಂಚು ಸೋರುತ್ತದೆ, ಗುಡ್ಡ ಕುಸಿದರೆ ಘಟ್ಟದ ರಸ್ತೆ ಬಂದ್ ಆಗುತ್ತದೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಹೆಂಚು ಸೋರುವುದಿಲ್ಲ, ಬೇಸಿಗೆಯಲ್ಲೇ ಕೈಯಾಡಿಸಿದ್ದೇನೆ. ‘ನಾವು ಬರುವುದು ನಿಮಗೆ ಬೇಡವೇ ಅಪ್ಪಾ?’ ಎಂದಳು. ನಾನು ಟಿ.ವಿ.ಯ ಸದ್ದು ಹೆಚ್ಚು ಮಾಡಿದೆ. ಊರು ಬಿಟ್ಟವರನ್ನು, ನಿನ್ನನ್ನು ಎಲ್ಲರಿಗಿಂತ ಹೆಚ್ಚಾಗಿ, ಇಷ್ಟು ವರ್ಷ ಹಂಗಿಸಿದ ನಾನು ಮೊಮ್ಮಗನನ್ನು ನಾಲ್ಕು ದಿನ ಇಟ್ಟುಕೊಳ್ಳಲು ಈ ಊರನ್ನು ನಂಬಲಿಲ್ಲ.

ಇರಲಿ, ಬಹಳವಾಯಿತು. ಇವಳು ಫೇಸ್‌ಬುಕ್ ನೋಡುವುದಿಲ್ಲ. ಇವಳ ತಂಗಿ ನೋಡುತ್ತಾಳೆ. ಹಾಗಾಗಿ ಅರ್ಧ ಗಂಟೆಯಲ್ಲಿ ಅಡುಗೆಮನೆಯಲ್ಲಿ ನನ್ನ ವಿಚಾರಣೆ ಶುರುವಾಗುತ್ತದೆ. ಮೊಮ್ಮಗನಿಗೆಂದು ಚಕ್ಕುಲಿ ಹಿಟ್ಟು ಬೀಸಿಸಿ ಆಗಿದೆ, ಒಬ್ಬನೇ ತಿಂದು ಮುಗಿಸಲು ನನ್ನ ಹಲ್ಲು ಒಪ್ಪುವುದಿಲ್ಲ. ನಿನ್ನ ಪಾಲನ್ನು ಬಸ್ಸಿಗೆ ಹಾಕುತ್ತೇನೆ. ಪುಡಿಯಾಗಿ ತಲುಪಿದರೆ ಅರಬೈಲು ಘಟ್ಟವನ್ನು ಬೈಯಿ, ನನ್ನನ್ನಲ್ಲ.

ನಿನ್ನ,
ಪದಚ್ಯುತ ಅಧ್ಯಕ್ಷ