ಹುರುಳಿಕಾಳಿಗೆ ಜೀವ ಇದೆಯೇ ಎಂದು ಕೇಳಿದ ಮಗಳಿಗೆ

ಪ್ರೀತಿಯ ಮಗಳೇ,

ಬೆಳವಣಿಗೆ, ಉಸಿರಾಟ, ಚಲನೆ, ವಿಸರ್ಜನೆ, ಸಂತಾನೋತ್ಪತ್ತಿ ಎಂದು ಜೀವಿಗಳ ಲಕ್ಷಣಗಳನ್ನು ಬಾಯಿಪಾಠ ಮಾಡುತ್ತಾ, ಡಬ್ಬಿಯಲ್ಲಿರುವ ಹುರುಳಿಕಾಳು ಇವುಗಳಲ್ಲಿ ಒಂದನ್ನೂ ಮಾಡುವಂತೆ ಕಾಣುವುದಿಲ್ಲವಲ್ಲ ಎಂದು ಕೇಳಿದೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಸಲು ಮನಸ್ಸಾಗಲಿಲ್ಲ.

ಆ ಪಟ್ಟಿಯನ್ನು ಅಳತೆಗೋಲಾಗಿ ಹಿಡಿದರೆ ಕಷ್ಟ. ಉಪ್ಪಿನ ಹರಳು ಬೆಳೆಯುತ್ತದೆ, ಅದಕ್ಕೆ ಜೀವವಿಲ್ಲ. ಹೇಸರಗತ್ತೆ ಸಾಮಾನ್ಯವಾಗಿ ಮರಿ ಹಾಕುವುದಿಲ್ಲ, ಆದರೆ ಅದರ ಮೈಯ ಕೋಶಗಳು ದಿನವೂ ಒಡೆದು ಎರಡಾಗುತ್ತಲೇ ಇರುತ್ತವೆ. ಹಾಗಾಗಿ ಪ್ರಾಣಿಯನ್ನು ಬಿಟ್ಟು ಅದರ ಜೀವಕೋಶವನ್ನು ನೋಡು. ಹುರುಳಿಯ ಕೋಶಗಳಲ್ಲಿ ನೀರು ಬಹಳ ಕಡಿಮೆ, ಕೆಲಸ ಹೆಚ್ಚುಕಡಿಮೆ ನಿಂತಿದೆ, ಆದರೆ ಪೊರೆಗಳೂ ಪ್ರೋಟೀನುಗಳೂ ಕೆಟ್ಟಿಲ್ಲ. ನೆನೆಸಿದರೆ ಎಚ್ಚರವಾಗುತ್ತವೆ. ಅದೇ ಕಾಳನ್ನು ಹುರಿದು ನೆನೆಸು, ಕೊಳೆಯುತ್ತದೆ. ಬಿಸಿಗೆ ಒಳಗಿನ ಜೋಡಣೆ ಹಾಳಾಗಿರುತ್ತದೆ. ಇಸ್ರೇಲಿನ ಮಸಾದಾ ಕೋಟೆಯಲ್ಲಿ ಸಿಕ್ಕ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಮರವಾಗಿದೆ. ಅಷ್ಟು ಕಾಲವೂ ಅದು ಸತ್ತಿರಲಿಲ್ಲ!

ಕೋಶದ ಕಥೆಯನ್ನು ಪುಸ್ತಕಗಳು 1665ರ ರಾಬರ್ಟ್ ಹುಕ್‌ನಿಂದ ಆರಂಭಿಸುತ್ತವೆ. ಅವನು ಬೆಂಡಿನಲ್ಲಿ, ಅಂದರೆ ಬಾಟಲಿ ಬಿರಡೆ ಮಾಡುವ ತೊಗಟೆಯಲ್ಲಿ, ಕಂಡದ್ದು ಸತ್ತ ಕೋಶಗಳ ಖಾಲಿ ಭಿತ್ತಿಗಳನ್ನು. ನನಗೆ ಹೆಚ್ಚು ಇಷ್ಟವಾಗುವವನು ರಾಬರ್ಟ್ ರೆಮಾಕ್ ಎಂಬ ವಿಜ್ಞಾನಿ. ಕೋಶಗಳು ಯಾವುದೋ ದ್ರವದಿಂದ ಹರಳಿನಂತೆ ಹೊಸದಾಗಿ ಕಟ್ಟಿಕೊಳ್ಳುತ್ತವೆ ಎಂದು ಕೋಶ ಸಿದ್ಧಾಂತ ಕೊಟ್ಟ ಶ್ಲೈಡನ್, ಶ್ವಾನ್ ಇಬ್ಬರೂ ನಂಬಿದ್ದ ಕಾಲದಲ್ಲಿ, ಕೋಳಿಯ ಭ್ರೂಣದ ರಕ್ತಕೋಶಗಳು ಎರಡಾಗಿ ಒಡೆಯುವುದನ್ನು ಅವನು ಕಣ್ಣಾರೆ ನೋಡಿದ. 1855ರಲ್ಲಿ ಜರ್ಮನ್ ವೈದ್ಯ ವಿರ್ಕೋ, ಪ್ರತಿ ಕೋಶವೂ ಇನ್ನೊಂದು ಕೋಶದಿಂದಲೇ ಬರುತ್ತದೆ ಎಂದು ಸಾರಿದ. ಹೆಸರು ಅವನಿಗೆ ಹೋಯಿತು. ಯಹೂದಿಯಾಗಿದ್ದ ರೆಮಾಕ್‌ಗೆ ಪೂರ್ಣ ಪ್ರಾಧ್ಯಾಪಕ ಹುದ್ದೆಯೂ ಸಿಗಲಿಲ್ಲ. ಉತ್ತರಪತ್ರಿಕೆಯಲ್ಲಿ ಅವನ ಹೆಸರನ್ನೂ ಬರೆ.

ಕೋಶದಿಂದಲೇ ಕೋಶ ಎಂಬ ಈ ಮಾತು ನಿನಗೂ ನನಗೂ ಹೇಗೆ ಅನ್ವಯಿಸುತ್ತದೆ ಗೊತ್ತೇ? ನಾನು ನಿನ್ನ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ನನ್ನ ಅಂಡಾಶಯದಲ್ಲಿ ಅಂಡಾಣುಗಳಾಗುವ ಕೋಶಗಳು ಮೂಡಿದ್ದವು. ಅವುಗಳಲ್ಲಿ ಒಂದು, ವರ್ಷಗಟ್ಟಲೆ ಕಾದು, ನಿನ್ನ ಅಪ್ಪನ ವೀರ್ಯಾಣುವಿನೊಂದಿಗೆ ಸೇರಿ ನಿನ್ನ ಮೊದಲ ಜೀವಕೋಶವಾಯಿತು. ಎರಡೂ ಜೀವಂತ ಕೋಶಗಳೇ. ನಡುವೆ ಎಲ್ಲಿಯೂ ಜೀವ ನಿಂತು ಮತ್ತೆ ಶುರುವಾಗಲಿಲ್ಲ. ನಿನ್ನ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಬಂದದ್ದು ನನ್ನಿಂದ, ನನಗೆ ನಿನ್ನ ಅಜ್ಜಿಯಿಂದ. ಈ ವಿಷಯ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ವೈರಸ್ ಬಗ್ಗೆಯೂ ಕೇಳಿದ್ದೆ. ಅದಕ್ಕೆ ಸ್ವಂತ ಕೋಶವಿಲ್ಲ, ಬೇರೆಯವರ ಕೋಶದೊಳಗೆ ನುಗ್ಗದೆ ತನ್ನ ಪ್ರತಿ ಮಾಡಿಕೊಳ್ಳಲಾರದು. ಅದನ್ನು ನಾನು ಜೀವಿ ಎನ್ನುವುದಿಲ್ಲ. ಒಪ್ಪದ ವಿಜ್ಞಾನಿಗಳಿದ್ದಾರೆ, ನೀನೂ ವಾದ ಮಾಡಬಹುದು.

ಮುಂದಿನ ವಾರ ಪ್ರಯೋಗಾಲಯದಲ್ಲಿ ಈರುಳ್ಳಿ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅದರ ಮೇಲೆ ಮುಚ್ಚುವ ತೆಳು ಕವರ್ ಗಾಜನ್ನು ಸೂಜಿಯಿಂದ ಓರೆಯಾಗಿ ನಿಧಾನವಾಗಿ ಇಳಿಸು, ಇಲ್ಲದಿದ್ದರೆ ಗಾಳಿಗುಳ್ಳೆ ಸೇರುತ್ತದೆ. ಗುಳ್ಳೆಯ ಅಂಚು ದುಂಡಗೆ, ದಪ್ಪ ಕಪ್ಪಾಗಿ ಕಾಣುತ್ತದೆ. ಅದನ್ನೇ ಕೋಶವೆಂದು ಬರೆಯಬೇಡ. ಚಿತ್ರದಲ್ಲಿ ಕೋಶಕೇಂದ್ರವನ್ನೂ ನಟ್ಟನಡುವೆ ಇಡಬೇಡ. ದೊಡ್ಡ ರಸದಾನಿ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲ, ಅದನ್ನು ಬದಿಗೆ ತಳ್ಳಿರುತ್ತದೆ. ಕಂಡದ್ದನ್ನೇ ಬರೆದು, ಆ ಚಿತ್ರವನ್ನು ನನಗೂ ಕಳುಹಿಸು.

ನಿನ್ನ ಅಮ್ಮ